ಎಂಟು ಲೋಟ ಯಾರ ಲೆಕ್ಕ?

ಬಂಗಾಳಿಗಳು ನೀರನ್ನು ಕುಡಿಯುವುದಿಲ್ಲ, ತಿನ್ನುತ್ತಾರೆ. 'ಜಲ್ ಖಾವಾ' ಅನ್ನುವುದು ಕೋಲ್ಕತ್ತದ ದಿನಬಳಕೆಯ ಮಾತು. ಅನ್ನಕ್ಕೂ ನೀರಿಗೂ ಚಹಾಕ್ಕೂ, ಕೊನೆಗೆ ಸಿಗರೇಟಿಗೂ ಅಲ್ಲಿ ಒಂದೇ ಕ್ರಿಯಾಪದ. ಬೆಳಗಿನ ತಿಂಡಿಯ ಹೆಸರು 'ಜಲ್‌ಖಾಬಾರ್', ಅದರಲ್ಲೂ ನೀರಿದೆ. ಉಣ್ಣು, ತಿನ್ನು, ಕುಡಿ, ಸೇದು ಎಂದು ಬಿಡಿಸಿ ಹೇಳುವ ಕನ್ನಡದ ಕಿವಿಗೆ ಇದು ಮೊದಮೊದಲು ತಮಾಷೆಯಾಗಿ ಕೇಳಿಸುತ್ತದೆ. ಆದರೆ ಏಪ್ರಿಲ್ ತಿಂಗಳಲ್ಲಿ ಆ ಊರಿನ ಒಂದು ಮನೆಯಲ್ಲಿ ಊಟಕ್ಕೆ ಕೂತರೆ ತಮಾಷೆ ಹಾಗೇ ಉಳಿಯುವುದಿಲ್ಲ. ರಾತ್ರಿಯ ಅನ್ನವನ್ನು ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಉಪ್ಪು, ಹಸಿಮೆಣಸು, ಈರುಳ್ಳಿ ಸೇರಿಸಿ ಉಣ್ಣುವ 'ಪಾಂತಾ ಭಾತ್' ಊಟವೋ ಪಾನೀಯವೋ? ಬಯಲುಸೀಮೆಯ ಅಂಬಲಿ, ಕರಾವಳಿಯ ಗಂಜಿಗಳ ಬಗ್ಗೆಯೂ ಇದೇ ಪ್ರಶ್ನೆ ಕೇಳಬಹುದು. ಉತ್ತರ ಗೊತ್ತಿಲ್ಲದೆಯೇ ಜನ ತಲೆಮಾರುಗಳಿಂದ ಅವನ್ನು ಸೇವಿಸಿ ಬಿಸಿಲನ್ನು ದಾಟಿದ್ದಾರೆ.

ಈಗ ಉತ್ತರ ಗೊತ್ತಿರುವಂತೆ ಮಾತಾಡುವ ಕಾಲ. ದಿನಕ್ಕೆ ಎಂಟು ಲೋಟ ನೀರು, ಕೆಲವರ ಪ್ರಕಾರ ಮೂರು ಲೀಟರ್, ಇನ್ನು ಕೆಲವರ ಪ್ರಕಾರ ಎದ್ದ ಕೂಡಲೇ ಒಂದು ಚೊಂಬು. ಬೆಳಿಗ್ಗೆ ಒಂಬತ್ತು, ಹನ್ನೊಂದು, ಒಂದು ಎಂದು ಗಂಟೆಗಳ ಗುರುತು ಹಾಕಿದ ಬಾಟಲಿಗಳು ಸಾಲ್ಟ್ ಲೇಕಿನ ಆಫೀಸುಗಳ ಮೇಜಿನ ಮೇಲೂ ಇವೆ, ವೈಟ್‌ಫೀಲ್ಡಿನ ಆಫೀಸುಗಳ ಮೇಜಿನ ಮೇಲೂ ಇವೆ. ಮೊಬೈಲು ಗಂಟೆ ಬಾರಿಸಿ 'ನೀರು ಕುಡಿಯಿರಿ' ಅನ್ನುತ್ತದೆ. ಅದೇ ಹೊತ್ತಿಗೆ ಬಡಾಬಜಾರಿನ ಗಲ್ಲಿಗಳಲ್ಲಿ ತಲೆಯ ಮೇಲೆ ಬಟ್ಟೆಯ ಮೂಟೆ ಹೊತ್ತು ನಡೆಯುವ ಕೂಲಿಯಾಳು ಬೀದಿ ನಲ್ಲಿಯ ಮುಂದೆ ಬಗ್ಗಿ ಬೊಗಸೆಯೊಡ್ಡುತ್ತಾನೆ. ಅವನಿಗೆ ಯಾರೂ ಗಂಟೆ ಬಾರಿಸುವುದಿಲ್ಲ. ದಿನಕ್ಕೆ ಎಷ್ಟು ನೀರು ಬೇಕು ಎಂಬ ಪ್ರಶ್ನೆಗೆ ಈ ಇಬ್ಬರಿಗೂ ಒಂದೇ ಉತ್ತರ ಕೊಡುವ ಸಲಹೆ ಆರೋಗ್ಯದ ಸಲಹೆಯೇ ಅಲ್ಲ. ಅದೊಂದು ಘೋಷಣೆ ಅಷ್ಟೇ.

ಬಿಟ್ಟುಹೋದ ವಾಕ್ಯ

ಈ ಘೋಷಣೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದವರು ಸಾಮಾನ್ಯವಾಗಿ 1945ಕ್ಕೆ ಬಂದು ನಿಲ್ಲುತ್ತಾರೆ. ಆ ವರ್ಷ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಸಾಕು, ಅಂದರೆ ತಿನ್ನುವ ಪ್ರತಿ ಕ್ಯಾಲೊರಿಗೆ ಒಂದು ಮಿಲಿಲೀಟರ್ ಎಂದು ಹೇಳಿತು. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಸೇರಿಸಿತ್ತು: ಈ ನೀರಿನ ಬಹುಪಾಲು ತಯಾರಾದ ಆಹಾರದಲ್ಲೇ ಇರುತ್ತದೆ ಎಂದು. ಮೊದಲ ಮಾತು ಊರೂರು ಸುತ್ತಿತು. ಎರಡನೆಯದು ದಾರಿಯಲ್ಲೇ ಬಿದ್ದುಹೋಯಿತು. ಅನುವಾದದಲ್ಲಿ ಪದ ತಪ್ಪಿದರೆ ಯಾರಾದರೂ ಹಿಡಿಯುತ್ತಾರೆ. ಇಡೀ ವಾಕ್ಯವೇ ಬಿಟ್ಟುಹೋದರೆ ಹಿಡಿಯುವುದು ಕಷ್ಟ, ಯಾಕೆಂದರೆ ಉಳಿದದ್ದು ಸರಿಯಾಗಿಯೇ ಓದಿಸಿಕೊಳ್ಳುತ್ತದೆ.

2002ರಲ್ಲಿ ಅಮೆರಿಕದ ಮೂತ್ರಪಿಂಡ ತಜ್ಞ ಹೈಂಜ್ ವಾಲ್ಟಿನ್ ಈ ಎಂಟು ಲೋಟಗಳಿಗೆ ವೈಜ್ಞಾನಿಕ ಆಧಾರ ಇದೆಯೇ ಎಂದು ಹುಡುಕಿ, ಆರೋಗ್ಯವಂತ ವಯಸ್ಕರು ತಂಪು ಹವೆಯಲ್ಲಿ ಹೆಚ್ಚು ಮೈ ದಣಿಸದೆ ಬದುಕುತ್ತಿದ್ದರೆ ಅಷ್ಟೊಂದು ನೀರು ಬೇಕೆನ್ನುವ ಪುರಾವೆ ಸಿಗಲಿಲ್ಲ ಎಂದು ಬರೆದರು. ಚಹಾ, ಕಾಫಿ ಕುಡಿದರೆ ದೇಹದ ನೀರೆಲ್ಲ ಹೋಗುತ್ತದೆ ಎಂಬ ಮಾತಿಗೂ ಹೆಚ್ಚು ಬಲವಿಲ್ಲ. ರೂಢಿಯಾದವರಿಗೆ ದಿನದ ಮೂರು ನಾಲ್ಕು ಲೋಟ ಚಹಾ ನೀರಿನ ಲೆಕ್ಕಕ್ಕೇ ಸೇರುತ್ತದೆ. ಕೋಲ್ಕತ್ತದ ಬೀದಿಬದಿಯ ಮಣ್ಣಿನ ಕುಡಿಕೆಯ ಚಹಾವೂ, ಮೈಸೂರಿನ ಬೈಟು ಕಾಫಿಯೂ ಹಾಗೇ.

2004ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆ ಹೊಸ ಅಂಕಿಗಳನ್ನು ಕೊಟ್ಟಿತು: ಗಂಡಸರಿಗೆ ದಿನಕ್ಕೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್. 2010ರಲ್ಲಿ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2.5 ಮತ್ತು 2 ಲೀಟರ್ ಅಂದಿತು. ಈ ಎರಡು ಲೆಕ್ಕಗಳ ನಡುವೆ ಗಂಡಸರ ಮಟ್ಟಿಗೆ ಲೀಟರಿಗೂ ಹೆಚ್ಚಿನ ಅಂತರ ಇದೆಯೆಂಬುದೇ, ಇಲ್ಲಿ ಎಲ್ಲರಿಗೂ ಒಪ್ಪುವ ಒಂದು ಸಂಖ್ಯೆ ಇಲ್ಲ ಎನ್ನುವುದಕ್ಕೆ ಸಾಕ್ಷಿ. ಇವು ಊಟ, ಹಣ್ಣು, ಹಾಲು, ಚಹಾ, ಸಾರು ಎಲ್ಲ ಸೇರಿದ ಲೆಕ್ಕ, ಲೋಟದಲ್ಲಿ ಅಳೆದ ಬರೀ ನೀರಿನದಲ್ಲ. ಅಮೆರಿಕದಲ್ಲಿ ಒಟ್ಟು ನೀರಿನಲ್ಲಿ ಊಟದಿಂದ ಬರುವ ಪಾಲು ಸುಮಾರು ಐದನೇ ಒಂದು ಭಾಗ. ಅನ್ನ, ಸಾರು, ಮಜ್ಜಿಗೆ, ಅಂಬಲಿಗಳ ಊಟದಲ್ಲಿ, ಮೀನಿನ ಝೋಲ್ ಮತ್ತು ಪಾಂತಾ ಭಾತ್‌ಗಳ ಊಟದಲ್ಲಿ ಅದು ಇನ್ನೂ ಹೆಚ್ಚೇ ಇದ್ದೀತು. ಬ್ರೆಡ್ಡು ತಿನ್ನುವವರ ಲೋಟದ ಲೆಕ್ಕವನ್ನು ಗಂಜಿ ಉಣ್ಣುವವರಿಗೆ ಹಾಗೇ ದಾಟಿಸಲು ಬರುವುದಿಲ್ಲ.

2022ರ ಕೊನೆಗೆ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ವಾದವನ್ನು ಗಟ್ಟಿ ಮಾಡಿತು. 23 ದೇಶಗಳ 5,604 ಜನರ ದೇಹದಲ್ಲಿ ದಿನಕ್ಕೆ ಎಷ್ಟು ನೀರು ಬಂದು ಹೋಗುತ್ತದೆ ಎಂದು ಅಲ್ಲಿ ನೇರವಾಗಿ ಅಳೆದಿದ್ದರು. ಎಂಟು ದಿನದ ಹಸುಳೆಯಿಂದ 96 ವರ್ಷದವರ ತನಕ ಎಲ್ಲ ವಯಸ್ಸಿನವರೂ ಅದರಲ್ಲಿದ್ದರು. ಸಿಕ್ಕ ಉತ್ತರ ಒಂದು ಸಂಖ್ಯೆಯಾಗಿರಲಿಲ್ಲ. ವಯಸ್ಸು, ಮೈಕಟ್ಟು, ದುಡಿಮೆ, ಹವೆಯ ಬಿಸಿ ಮತ್ತು ತೇವ ಇವೆಲ್ಲದರ ಜೊತೆ ನೀರಿನ ಅಗತ್ಯ ಬದಲಾಗುತ್ತದೆ. ಬಡ ದೇಶಗಳ ಜನರ ದೇಹದಲ್ಲಿ ನೀರಿನ ಓಡಾಟ ಹೆಚ್ಚು ಎಂಬುದೂ ಅದರಲ್ಲಿ ಕಂಡಿತು. ತಂಪು ಕೋಣೆಯಲ್ಲಿ ಕೂತವರಿಗಿಂತ ಬಿಸಿಲಲ್ಲಿ ಮೈ ಬಗ್ಗಿಸುವವರಿಗೆ ನೀರು ಹೆಚ್ಚು ಬೇಕು ಎಂಬ ಮಾತು ಅಜ್ಜಿಗೂ ಗೊತ್ತಿತ್ತು. ಆದರೆ ಸಲಹೆ ಕೊಡುವವರು ಅದನ್ನು ಮರೆತಂತಿದೆ.

ತಂಪು ಕೋಣೆಯಲ್ಲಿ ಕೂತ ಆರೋಗ್ಯವಂತರಿಗೆ ದೇಹವೇ ಲೆಕ್ಕಿಗ. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಹೆಚ್ಚಾದರೆ ಸಾಕು, ಮೆದುಳು ಮೂತ್ರಪಿಂಡಕ್ಕೆ ನೀರು ಉಳಿಸುವಂತೆ ಹೇಳುತ್ತದೆ, ಬಾಯಿಗೆ ನೀರು ಕೇಳುವಂತೆ ಹೇಳುತ್ತದೆ. ಕನ್ನಡದ 'ಬಾಯಾರಿಕೆ' ಬಾಯಿ ಆರುವುದನ್ನೇ ಹೆಸರಾಗಿಸಿಕೊಂಡ ಪದ. ಆರಿದಾಗ ಕುಡಿದರೆ ಬಹಳ ಜನಕ್ಕೆ ಸಾಕು. ಬಾಯಾರುವ ಹೊತ್ತಿಗೆ ಕಾಲ ಮಿಂಚಿರುತ್ತದೆ ಎಂದು ಹೆದರಿಸುವವರು ಬಾಟಲಿ ಮಾರುವವರಿಗೆ ಉಪಕಾರ ಮಾಡುತ್ತಾರೆಯೇ ಹೊರತು ಮೂತ್ರಪಿಂಡಕ್ಕಲ್ಲ.

ಬನಗಾಂವ್‌ನ ಡ್ರಮ್ಮುಗಳು

ನೀರಿನ ಪ್ರಮಾಣದ ಬಗ್ಗೆ ಜಗತ್ತಿಗೆ ನಿಜವಾಗಿ ಏನನ್ನಾದರೂ ಕಲಿಸಿದ ಊರು ಯಾವುದಾದರೂ ಇದ್ದರೆ ಅದು ಕೋಲ್ಕತ್ತ. ಕಲಿಸಿದ್ದು ಕಾಲರಾ.

ವಾಂತಿಭೇದಿ ಹತ್ತಿದ ವಯಸ್ಕನ ದೇಹದಿಂದ ಕೆಲವೊಮ್ಮೆ ಗಂಟೆಗೆ ಒಂದು ಲೀಟರಿನಷ್ಟು ನೀರು ಹರಿದುಹೋಗುತ್ತದೆ. ಬೆಳಿಗ್ಗೆ ಆರೋಗ್ಯವಾಗಿದ್ದವರು ಸಂಜೆಗೆ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ ವೈದ್ಯರು ಇಂಥ ರೋಗಿಗೆ ನೀರನ್ನೇ ಕೊಡುತ್ತಿರಲಿಲ್ಲ. ಕುಡಿದರೆ ಭೇದಿ ಹೆಚ್ಚುತ್ತದೆ ಎಂದು ನಂಬಿದ್ದರು. 1884ರಲ್ಲಿ ರಾಬರ್ಟ್ ಕೋಖ್ ಕೋಲ್ಕತ್ತದ ಕೆರೆಯೊಂದರ ನೀರಿನಲ್ಲಿ ಕಾಲರಾದ ಬ್ಯಾಕ್ಟೀರಿಯಾ ಕಂಡರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಲಿಯೊನಾರ್ಡ್ ರೋಜರ್ಸ್ ಅದೇ ಊರಿನಲ್ಲಿ ಉಪ್ಪುನೀರನ್ನು ರಕ್ತನಾಳಕ್ಕೆ ಹರಿಸಿ ಸಾವಿನ ಪ್ರಮಾಣವನ್ನು ಸುಮಾರು ಅರ್ಧಕ್ಕಿಳಿಸಿದರು. 1953ರಲ್ಲಿ ಹೇಮೇಂದ್ರನಾಥ ಚಟರ್ಜಿ ಕೋಲ್ಕತ್ತದ 186 ರೋಗಿಗಳಿಗೆ ಉಪ್ಪು, ಗ್ಲುಕೋಸ್ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿ ಗುಣಪಡಿಸಿದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಜಗತ್ತು ಆಗ ಅದರ ಕಡೆ ಹೆಚ್ಚು ಗಮನ ಕೊಡಲಿಲ್ಲ. ಗ್ಲುಕೋಸ್ ಇದ್ದರೆ ಕರುಳು ಸೋಡಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತದೆ, ಸೋಡಿಯಂ ಹಿಂದೆ ನೀರೂ ಹೋಗುತ್ತದೆ ಎಂಬ ಗುಟ್ಟು ಬಿಚ್ಚಿಕೊಂಡದ್ದು 1960ರ ನಂತರ. 1968ರಲ್ಲಿ ಢಾಕಾದಲ್ಲಿ ವೈದ್ಯರು ಆಸ್ಪತ್ರೆಯ ರೋಗಿಗಳ ಮೇಲೆ ಇದನ್ನು ತೋರಿಸಿಯೂಬಿಟ್ಟರು.

ಆದರೂ ಆಸ್ಪತ್ರೆಯ ಹೊರಗೆ, ನರ್ಸ್ ಇಲ್ಲದ ಕಡೆ, ತಾಯಂದಿರ ಕೈಯಿಂದ ಇದು ಆಗುತ್ತದೆ ಎಂದು ಹೆಚ್ಚಿನವರು ನಂಬಿರಲಿಲ್ಲ. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದರು. ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ತುಂಬ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಕೋಲ್ಕತ್ತದ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಮಕ್ಕಳ ವೈದ್ಯ ದಿಲೀಪ್ ಮಹಲನಾಬಿಸ್ ಆಗ ಬೇರೆ ದಾರಿಯಿಲ್ಲದೆ ಒಂದು ತೀರ್ಮಾನ ತೆಗೆದುಕೊಂಡರು. ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕೋಲ್ಕತ್ತದಲ್ಲಿ ಪೊಟ್ಟಣ ಕಟ್ಟಿದರು, ಬನಗಾಂವ್‌ನಲ್ಲಿ ಡ್ರಮ್ಮುಗಳಲ್ಲಿ ಕದಡಿಟ್ಟರು. ರೋಗಿಯ ಅಕ್ಕ, ಅಮ್ಮ, ಗಂಡ, ಯಾರಿದ್ದರೋ ಅವರು ಡ್ರಮ್ಮಿನಿಂದ ಲೋಟಕ್ಕೆ ಹಿಡಿದು ತಂದು ಕುಡಿಸಿದರು. ಮೊದಲು ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಸುಮಾರು 3,700 ರೋಗಿಗಳಲ್ಲಿ ಸತ್ತವರು 135. ಈ ಕೆಲಸದ ವರದಿ 1973ರಲ್ಲಿ ಅಚ್ಚಾಯಿತು. ಓಆರ್‌ಎಸ್ ಪುಡಿ ಇವತ್ತು ಎಲ್ಲ ಔಷಧದಂಗಡಿಯಲ್ಲೂ ಸಿಗುತ್ತದೆ. ಮಹಲನಾಬಿಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು.

ಎಂಟು ಲೋಟದ ಚರ್ಚೆಗೆ ಬನಗಾಂವ್ ಎರಡು ಪಾಠ ಹೇಳುತ್ತದೆ. ಎಷ್ಟು ಕುಡಿಯಬೇಕು ಎಂಬುದನ್ನು ನಿರ್ಧರಿಸುವುದು ಎಷ್ಟು ಕಳೆದುಕೊಂಡಿದ್ದೀರಿ ಎಂಬುದು. ಕಾಲರಾ ವಾರ್ಡುಗಳಲ್ಲಿ ಮಂಚದ ನಡುವೆ ತೂತು ಮಾಡಿ ಕೆಳಗೆ ಗುರುತು ಹಾಕಿದ ಬಕೀಟು ಇಡುವುದು ಅದಕ್ಕೇ. ಹೋದದ್ದನ್ನು ಅಳೆದು ಅಷ್ಟನ್ನು ಕುಡಿಸುತ್ತಾರೆ. ಅಲ್ಲಿ ದಿನಕ್ಕಿಷ್ಟು ಎಂಬ ಕೋಟಾ ಇಲ್ಲ. ಎರಡನೆಯದು, ಬರೀ ನೀರು ಸಾಲದು. ನೀರಿನ ಜೊತೆ ಹೋದ ಉಪ್ಪೂ ವಾಪಸು ಬರಬೇಕು.

ಎರಡನೆಯ ಪಾಠ ಮರೆತರೆ ಏನಾಗುತ್ತದೆ ಎಂದು ನೋಡಲು ಬನಗಾಂವ್‌ಗೆ ಹೋಗಬೇಕಿಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಮಟ್ಟ ಇರಬೇಕಾದ್ದಕ್ಕಿಂತ ಕೆಳಗಿತ್ತು. ಓಡುವಾಗ ಮೈತೂಕ ಹೆಚ್ಚಾಗುವಷ್ಟು ಕುಡಿದವರಿಗೆ ಅಪಾಯ ಹೆಚ್ಚು. ಆರೋಗ್ಯವಂತ ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರನ್ನು ಹೊರಹಾಕಬಲ್ಲದು. ಅದನ್ನು ಮೀರಿ ಸುರಿಯುತ್ತಾ ಹೋದರೆ ರಕ್ತದ ಉಪ್ಪು ತೆಳುವಾಗಿ ಮೆದುಳು ಊದಿಕೊಳ್ಳುತ್ತದೆ. ಪಂದ್ಯ ಕಟ್ಟಿ ನೀರು ಕುಡಿದು ಸತ್ತವರೂ ಇದ್ದಾರೆ. ರಾಮನವಮಿಯ ಪಾನಕ, ಉಪ್ಪು ಹಾಕಿದ ನೀರುಮಜ್ಜಿಗೆ, ಬಂಗಾಳದ 'ಘೋಲ್' ಮತ್ತು ನಿಂಬೆ-ಉಪ್ಪು-ಸಕ್ಕರೆಯ ಶರಬತ್ತು ಇವೆಲ್ಲ ಬೇಸಿಗೆಯ ರುಚಿಗಳಷ್ಟೇ ಅಲ್ಲ ಎಂದು ಅನ್ನಿಸುವುದು ಇಲ್ಲಿ. ಹಾಗೆಂದು ಪಾನಕವೇ ಓಆರ್‌ಎಸ್ ಅಲ್ಲ. ಭೇದಿ ಹತ್ತಿದಾಗ ಅಳತೆ ಮುಖ್ಯ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿಯಾಗುತ್ತದೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಓಆರ್‌ಎಸ್‌ನ ಗ್ಲುಕೋಸನ್ನು ಲೀಟರಿಗೆ 13.5 ಗ್ರಾಮಿಗೂ ಉಪ್ಪನ್ನು 2.6 ಗ್ರಾಮಿಗೂ ಇಳಿಸಿದ್ದು ಇಂಥ ಕಾರಣಕ್ಕೇ.

ಎಷ್ಟು ಎನ್ನುವ ಮೊದಲು ಎಂಥದು

ಬಂಗಾಳದ ಇನ್ನೊಂದು ನೀರಿನ ಕಥೆ ಇಷ್ಟು ಸಮಾಧಾನದ್ದಲ್ಲ. ಕೆರೆಕೊಳದ ನೀರಿನಿಂದ ಭೇದಿ ಬರುತ್ತದೆ, ನೆಲದಡಿಯ ನೀರು ಶುದ್ಧ ಎಂದು ಕಳೆದ ಶತಮಾನದ ಉತ್ತರಾರ್ಧದಲ್ಲಿ ಗಂಗೆಯ ಬಯಲಿನ ತುಂಬ ಕೊಳವೆಬಾವಿಗಳನ್ನು ಇಳಿಸಿದರು. ಭೇದಿಯ ಮಟ್ಟಿಗೆ ಅದು ಸರಿಯೂ ಆಗಿತ್ತು. 1980ರ ದಶಕದ ಆರಂಭದಲ್ಲಿ ಕೋಲ್ಕತ್ತದ ಟ್ರಾಪಿಕಲ್ ಮೆಡಿಸಿನ್ ಶಾಲೆಯ ಚರ್ಮವೈದ್ಯ ಕೆ. ಸಿ. ಸಹಾ ಅವರ ಹತ್ತಿರ ಹಳ್ಳಿಗಳಿಂದ ರೋಗಿಗಳು ಬರತೊಡಗಿದರು. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಕಲೆಗಳು, ಅಂಗೈ ಅಂಗಾಲುಗಳಲ್ಲಿ ಗಡ್ಡೆ ಕಟ್ಟಿದ ಒರಟು ಚರ್ಮ. ಕಾರಣ ಆರ್ಸೆನಿಕ್. ಹಿಮಾಲಯದಿಂದ ನದಿಗಳು ಹೊತ್ತು ತಂದ ಮಣ್ಣಿನಲ್ಲಿ ಅದು ಮೊದಲಿನಿಂದಲೂ ಇತ್ತು. ನೆಲದಡಿಯಲ್ಲಿ ಆಮ್ಲಜನಕ ಇಲ್ಲದ ಪದರಗಳಲ್ಲಿ ಅದು ನೀರಿಗೆ ಬಿಟ್ಟುಕೊಳ್ಳುತ್ತಿತ್ತು. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ವರ್ಷಗಟ್ಟಲೆ ಸುತ್ತಿ, ಮಾಲ್ದಾ, ಮುರ್ಷಿದಾಬಾದ್, ನದಿಯಾ, ಎರಡು 24 ಪರಗಣ ಜಿಲ್ಲೆಗಳ ಬಾವಿಗಳನ್ನು ಪರೀಕ್ಷಿಸಿದರು. ಕೋಲ್ಕತ್ತದ ದಕ್ಷಿಣ ಭಾಗದ ಕೆಲವು ಕೊಳವೆಬಾವಿಗಳಲ್ಲೂ ಅದು ಸಿಕ್ಕಿತು.

ಇಲ್ಲಿ ಎಂಟು ಲೋಟದ ಸಲಹೆ ತಲೆಕೆಳಗಾಗುತ್ತದೆ. ನೀರಿನಲ್ಲಿ ಯಾವ ವಿಷ ಎಷ್ಟಿರಬಹುದು ಎಂದು ಲೆಕ್ಕ ಹಾಕುವಾಗ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯವಾಗಿ 60 ಕಿಲೋ ತೂಕದ ವಯಸ್ಕನೊಬ್ಬ ದಿನಕ್ಕೆ ಎರಡು ಲೀಟರ್ ಕುಡಿಯುತ್ತಾನೆ ಎಂದು ಹಿಡಿಯುತ್ತದೆ. ಆರ್ಸೆನಿಕ್‌ಗೆ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಪರೀಕ್ಷಿಸಲು, ಶುದ್ಧೀಕರಿಸಲು ಎಷ್ಟು ಸಾಧ್ಯ ಎಂಬುದೂ ಆ ಅಂಕಿಯಲ್ಲಿ ಸೇರಿದೆ. ಭಾರತದಲ್ಲಿ ಬಹುಕಾಲ 50ರ ತನಕ ಒಪ್ಪಿಕೊಳ್ಳುತ್ತಿದ್ದರು, ಈಗ ಇಲ್ಲೂ 10. ಆಫೀಸಿನಲ್ಲಿ ಕೂತವನು 10ರ ನೀರನ್ನು ಎರಡು ಲೀಟರ್ ಕುಡಿದರೆ ದಿನಕ್ಕೆ ಒಳಹೋಗುವುದು 20 ಮೈಕ್ರೋಗ್ರಾಂ. ನದಿಯಾದ ಗದ್ದೆಯಲ್ಲಿ ನಾಟಿ ಮಾಡುವವಳು 50ರ ನೀರನ್ನು ಐದು ಲೀಟರ್ ಕುಡಿದರೆ 250. ಹನ್ನೆರಡೂವರೆ ಪಟ್ಟು. ಅದೇ ನೀರಿನಲ್ಲಿ ಬೆಳೆದ ಭತ್ತ, ಅದೇ ನೀರಿನಲ್ಲಿ ಬೇಯಿಸಿ ನೆನೆಹಾಕಿದ ಅನ್ನ ಬೇರೆ. ಅವಳಿಗೆ 'ಚೆನ್ನಾಗಿ ನೀರು ಕುಡಿಯಮ್ಮ' ಎಂದು ಹೇಳುವ ಮೊದಲು ಆ ಬಾವಿಯ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು. ಕುಡಿಯದಿದ್ದರೆ ಬಿಸಿಲು ಕೊಲ್ಲುತ್ತದೆ, ಕುಡಿದರೆ ನೀರು ನಿಧಾನವಾಗಿ ಕೊಲ್ಲುತ್ತದೆ. ಇದಕ್ಕೆ ವೈಯಕ್ತಿಕ ಶಿಸ್ತಿನಲ್ಲಿ ಪರಿಹಾರವಿಲ್ಲ.

ಇದು ಬಂಗಾಳದ ಕಷ್ಟ ಎಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಹಲ್ಲಿನ ಮೇಲಿನ ಕಂದು ಗೆರೆಗಳೂ ಬಗ್ಗದ ಮೊಣಕಾಲುಗಳೂ ಆ ಊರುಗಳ ಗುರುತಾಗಿಬಿಟ್ಟಿವೆ. ಫ್ಲೋರೈಡಿನ ವಿಷಯದಲ್ಲಿ ಒಂದು ಹಳೆಯ ವಿವೇಕ ನೆನಪಿಡುವಂಥದ್ದು. ಅಮೆರಿಕದಲ್ಲಿ ಹಲ್ಲು ಹುಳುಕಾಗದಿರಲೆಂದು ಊರಿನ ನೀರಿಗೆ ಫ್ಲೋರೈಡ್ ಬೆರೆಸುತ್ತಾರೆ. ದಶಕಗಳ ಕಾಲ ಅದರ ಪ್ರಮಾಣವನ್ನು ಊರಿನ ಬಿಸಿಗೆ ತಕ್ಕಂತೆ ನಿಗದಿ ಮಾಡಿದ್ದರು. ತಂಪಿನ ಊರಿಗೆ ಲೀಟರಿಗೆ 1.2 ಮಿಲಿಗ್ರಾಂ, ಬಿಸಿಲಿನ ಊರಿಗೆ 0.7. ಬಿಸಿಲೂರಿನ ಜನ ಹೆಚ್ಚು ಕುಡಿಯುತ್ತಾರೆ, ಹಾಗಾಗಿ ಅವರ ನೀರಿನಲ್ಲಿ ಕಡಿಮೆ ಇರಬೇಕು ಎಂಬ ಸರಳ ತರ್ಕ. ಭಾರತದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಆಗಬಹುದು ಎನ್ನುತ್ತದೆ ಮಾನಕ. ರಾಯಚೂರಿನ ಮೇ ತಿಂಗಳಿಗೂ ಮಡಿಕೇರಿಯ ಮಳೆಗಾಲಕ್ಕೂ ಒಂದೇ ಅಂಕಿ.

ಬಿಸಿಲು ಯಾರ ಮೇಲೆ ಬೀಳುತ್ತದೆ

2024ರ ಏಪ್ರಿಲ್ ಕೊನೆಯಲ್ಲಿ ಕೋಲ್ಕತ್ತದ ಉಷ್ಣತೆ 43 ಡಿಗ್ರಿ ಮುಟ್ಟಿತು. ಅಲ್ಲಿ ಬಿಸಿಗಿಂತ ಕಾಡುವುದು ತೇವ. ಬೆವರು ಆರಿದರೆ ತಾನೆ ಮೈ ತಂಪಾಗುವುದು? ಹೂಗ್ಲಿಯ ದಂಡೆಯ ಗಾಳಿಯಲ್ಲಿ ಬೆವರು ಆರುವುದಿಲ್ಲ, ಇಳಿಯುತ್ತದೆ. ಮೈ ಇನ್ನಷ್ಟು ಬೆವರುತ್ತದೆ. ಮಂಗಳೂರಿನಲ್ಲಿ ಏಪ್ರಿಲ್ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈಗಾಡಿ ರಿಕ್ಷಾ ಎಳೆಯುವವರು, ಇಟ್ಟಿಗೆ ಗೂಡಿನವರು, ಕಟ್ಟಡದ ಕೆಲಸದವರು, ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಹುಡುಗರು, ಇವರ ನೀರಿನ ಅಗತ್ಯವೇ ಬೇರೆ. ಬಿಸಿಯಲ್ಲಿ ಮೈ ಬಗ್ಗಿಸುವವರಿಗೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಗಂಟೆಗೆ ಒಂದೂವರೆ ಲೀಟರ್ ಮೀರದಂತೆ ಎಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಎಂಟು ಲೋಟ ನೀರು ಎರಡು ಮೂರು ಗಂಟೆಯೊಳಗೇ ಮುಗಿದುಹೋಗುತ್ತದೆ. ಆಫೀಸಿನವನಿಗೆ ಹೆಚ್ಚಾಗುವ ಸಂಖ್ಯೆ ಇವರಿಗೆ ಏನೇನೂ ಸಾಲದು. ಬಿಸಿಲಲ್ಲಿ ಬಾಯಾರಿಕೆಯನ್ನೇ ನಂಬಿ ಕೂರುವುದೂ ಇವರ ಮಟ್ಟಿಗೆ ಸರಿಯಲ್ಲ. ಗಂಟೆಗಟ್ಟಲೆ ಬೆವರುವಾಗ ಬಾಯಾರಿಕೆ ಹಿಂದೆ ಬೀಳುತ್ತದೆ. ಮಧ್ಯ ಅಮೆರಿಕದಲ್ಲಿ ಕಬ್ಬು ಕಡಿಯುವ ಯುವಕರ ಮೂತ್ರಪಿಂಡಗಳು ಕಾರಣ ತಿಳಿಯದಂತೆ ಕೈಕೊಡುವುದನ್ನು ಕಂಡ ವೈದ್ಯರು ಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆಯತ್ತ ಬೊಟ್ಟು ಮಾಡುತ್ತಿದ್ದಾರೆ. ಮಂಡ್ಯ, ಬೆಳಗಾವಿಗಳ ಕಬ್ಬಿನ ಗದ್ದೆಗಳಲ್ಲಿ ದುಡಿಯುವವರ ಬಗ್ಗೆಯೂ ಈ ಪ್ರಶ್ನೆ ಕೇಳಬೇಕಾಗಿದೆ.

ಇನ್ನೊಂದು ತಡೆ ಇದೆ. ಅದು ನೀರಿನ ತುದಿಯಲ್ಲಲ್ಲ, ಮೂತ್ರದ ತುದಿಯಲ್ಲಿ. ಬಜಾರಿನಲ್ಲಿ ತರಕಾರಿ ಮಾರುವ ಹೆಂಗಸು, ಗಾರೆ ಕೆಲಸದ ಹೆಂಗಸು, ಲೋಕಲ್ ರೈಲಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ಕೋಲ್ಕತ್ತದ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸು ಬೇಕೆಂದೇ ನೀರು ಕುಡಿಯುವುದಿಲ್ಲ. ಹೋಗಲು ಜಾಗವಿಲ್ಲ. ಇದ್ದರೂ ಬಾಗಿಲಿಗೆ ಚಿಲಕವಿಲ್ಲ. ಎಷ್ಟೋ ಮನೆಗಳಲ್ಲಿ ಕೆಲಸದವರಿಗೆ ಆ ಮನೆಯ ಬಚ್ಚಲು ಬಳಸಲು ಬಿಡುವುದಿಲ್ಲ. ಹೀಗೆ ತಡೆಹಿಡಿಯುವವರಿಗೆ ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ಇದು ಬರೀ ಊಹೆಯಲ್ಲ. ಪದೇ ಪದೇ ಸೋಂಕಾಗುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಯುವಂತೆ ಮಾಡಿದಾಗ ವರ್ಷದಲ್ಲಿ ಸೋಂಕಿನ ಸರಾಸರಿ ಸಂಖ್ಯೆ ಇನ್ನೊಂದು ಗುಂಪಿನಲ್ಲಿ 3.2 ಇದ್ದರೆ ಇವರಲ್ಲಿ 1.7 ಮಾತ್ರ ಇತ್ತು ಎಂದು 2018ರ ಅಧ್ಯಯನವೊಂದು ತೋರಿಸಿತು. ಹೆಚ್ಚು ನೀರಿನಿಂದ ನಿಜವಾಗಿ ಪ್ರಯೋಜನ ಪಡೆಯುವ ಹೆಂಗಸರು ಇದ್ದಾರೆ. ಅವರಲ್ಲಿ ಬಹಳ ಮಂದಿಗೆ ಬೇಕಾದದ್ದು ಸಲಹೆಯಲ್ಲ, ಶೌಚಾಲಯ.

2019ರಲ್ಲಿ ಕೇರಳದ ಶಾಲೆಗಳ 'ವಾಟರ್ ಬೆಲ್' ಸುದ್ದಿಯಾಗಿ ಕರ್ನಾಟಕಕ್ಕೂ ಬಂತು. ದಿನಕ್ಕೆ ಕೆಲವು ಬಾರಿ ಗಂಟೆ ಹೊಡೆದು ಮಕ್ಕಳಿಗೆ ನೀರು ಕುಡಿಯಲು ಬಿಡುವು ಕೊಡುವ ಯೋಚನೆ ಒಳ್ಳೆಯದೇ. ಆದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿ ಗಂಟೆ ಹೊಡೆದರೆ ಬುದ್ಧಿವಂತ ಹುಡುಗಿಯರು ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ.

ಅರವಟ್ಟಿಗೆಯ ಮಾತು

ಎಣಿಸುವುದು ಎಲ್ಲರಿಗೂ ವ್ಯರ್ಥ ಎಂದಲ್ಲ. ಮೂತ್ರಪಿಂಡದಲ್ಲಿ ಕಲ್ಲಾದವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು ಎನ್ನುತ್ತಾರೆ ತಜ್ಞರು. ವಯಸ್ಸಾದವರಿಗೆ ಬಾಯಾರಿಕೆಯೇ ಕಡಿಮೆಯಾಗುತ್ತದೆ, ಅವರಿಗೆ ಮನೆಯವರು ನೆನಪಿಸಿ ಕೊಡಬೇಕು. ಬಸುರಿಗೂ ಹಾಲೂಡಿಸುವವರಿಗೂ ಹೆಚ್ಚು ಬೇಕು. ಆರು ತಿಂಗಳ ಒಳಗಿನ ಕೂಸಿಗೆ ಎಂಥ ಸೆಕೆಯಲ್ಲೂ ನೀರು ಬೇಡ, ತಾಯಿಯ ಹಾಲೇ ಸಾಕು. ಹೃದಯ ಸೋತವರು, ಮೂತ್ರಪಿಂಡ ಸೋತವರು ಎಂಟು ಲೋಟದ ಮಾತು ಕೇಳಿ ಕುಡಿದರೆ ಆಸ್ಪತ್ರೆ ಸೇರುತ್ತಾರೆ. ಅವರಿಗೆ ವೈದ್ಯರು ಹೇಳಿದ್ದೇ ಅಳತೆ. ಉಳಿದವರು ಬಾಯಾರಿದಾಗ ಕುಡಿದು, ಮೂತ್ರದ ಬಣ್ಣ ತೆಳು ಹಳದಿಯಾಗಿದ್ದರೆ ನೆಮ್ಮದಿಯಾಗಿರಬಹುದು. ಇಷ್ಟು ಹೇಳಲು ಬಾಟಲಿಯ ಮೇಲೆ ಗೆರೆ ಬೇಕಿಲ್ಲ.

ಸಾರ್ವಜನಿಕವಾಗಿ ಎಣಿಸಬೇಕಾದ ಸಂಗತಿಗಳು ಬೇರೆ ಇವೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಕುಡಿಯುವ ನೀರಿಗೆ ಒಂದು ಕಲಮಿತ್ತು. 250ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಬೇಸಿಗೆಯಲ್ಲಿ ತಣ್ಣೀರು ಕೊಡಬೇಕು, ನೀರಿನ ಜಾಗ ಶೌಚಾಲಯದಿಂದ ದೂರ ಇರಬೇಕು ಎಂದು ಅದು ಹೇಳಿತ್ತು. ನೀರು ಕೊಡುವುದು ಮಾಲೀಕನ ಹೊಣೆ, ಕಾರ್ಮಿಕನ ಒಳ್ಳೆಯ ಅಭ್ಯಾಸವಲ್ಲ ಎಂಬ ಅರಿವು ಅದರಲ್ಲಿತ್ತು. ಇವತ್ತು ಬಿಸಿಲಲ್ಲಿ ದುಡಿಯುವ ಬಹುಪಾಲು ಜನಕ್ಕೆ ಕಾರ್ಖಾನೆಯೇ ಇಲ್ಲ. ಬೀದಿ, ಗದ್ದೆ, ಗೂಡು, ಇನ್ನೊಬ್ಬರ ಮನೆ. ಅವರ ಪಾಲಿಗೆ ಆ ಕಲಮನ್ನು ಯಾರು ಪಾಲಿಸಬೇಕು? ಮೂಲೆಗೊಂದು ಕುಡಿಯುವ ನೀರಿನ ನಲ್ಲಿ, ಅದರ ಹತ್ತಿರ ಚಿಲಕವಿರುವ ಶೌಚಾಲಯ, ಪ್ರತಿ ಕೊಳವೆಬಾವಿಯ ಮೇಲೆ ಆರ್ಸೆನಿಕ್ ಅಥವಾ ಫ್ಲೋರೈಡ್ ಎಷ್ಟಿದೆ ಎಂದು ಆ ಊರಿನ ಭಾಷೆಯಲ್ಲಿ ಬರೆದ ಫಲಕ, ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಬಿಡುವು. ಇವಕ್ಕೆ ಹಣ ಬೇಕು, ಮಾರ್ಗಸೂಚಿಯ ಪೋಸ್ಟರಿಗೆ ಅಷ್ಟು ಬೇಡ. ಪೋಸ್ಟರು ಹೆಚ್ಚು ಕಾಣುವುದು ಅದಕ್ಕೇ ಇದ್ದೀತು.

ಹಾಗೆ ನೋಡಿದರೆ ಎರಡೂ ನುಡಿಗಳಿಗೆ ಈ ವಿಷಯ ಮೊದಲೇ ಗೊತ್ತಿತ್ತು. ದಾರಿಹೋಕರಿಗೆ ನೀರು ಕೊಡುವ ಜಾಗವನ್ನು ಕನ್ನಡ 'ಅರವಟ್ಟಿಗೆ' ಎನ್ನುತ್ತದೆ. ಅರವಂಟಿಗೆಗೆ ದತ್ತಿ ಬಿಟ್ಟ ವಿಷಯ ಹಳಗನ್ನಡದ ಶಾಸನಗಳಲ್ಲೂ ಬರುತ್ತದೆ. ಬಂಗಾಳಿಯಲ್ಲಿ ಅದು 'ಜಲಸತ್ರ'. ಬೇಸಿಗೆಯಲ್ಲಿ ಕೋಲ್ಕತ್ತದ ಬೀದಿಗಳಲ್ಲಿ ಮಣ್ಣಿನ ಮಡಕೆಗಳನ್ನಿಟ್ಟು, ಜೊತೆಗೆ ಒಂದು ಬತ್ತಾಸನ್ನೋ ನೆನೆಸಿದ ಕಡಲೆಯನ್ನೋ ಕೊಡುವ ಸಂಘಗಳು, ಅಂಗಡಿಯವರು ಇನ್ನೂ ಇದ್ದಾರೆ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಕನ್ನಡದ ಪದ್ಧತಿಗೆ ಅದು ದೂರದ ನೆಂಟ. ಅರವಟ್ಟಿಗೆಯಲ್ಲಿ ಕೂತವರು ಬಂದವರನ್ನು 'ಇವತ್ತು ಎಷ್ಟು ಲೋಟ ಆಯಿತು' ಎಂದು ಕೇಳುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ಬಾಯಾರುತ್ತದೆ, ಬಾಯಾರಿದವರಿಗೆ ನೀರು ಸಿಗಬೇಕು, ಆ ನೀರು ಚೆನ್ನಾಗಿರಬೇಕು, ಇಷ್ಟೇ ಅದರ ಲೆಕ್ಕ. ಎಷ್ಟು ಕುಡಿಯಬೇಕು ಎಂಬುದನ್ನು ಕುಡಿಯುವವರಿಗೆ ಬಿಟ್ಟಿರುತ್ತದೆ.